ಜಗಳದಲ್ಲಿ ಎದ್ದು ಹೋಗಬಾರದು

ಬಲಗೈಯ ನಡುಬೆರಳಿಗೆ ಸದಾ ಒಂದು ಹಿತ್ತಾಳೆಯ ಅಂಗುಸ್ತಾನ. ಹೊಲಿಯುವಾಗ ಸೂಜಿ ಚುಚ್ಚದಿರಲಿ ಎಂದು ದರ್ಜಿಗಳು ತೊಡುವ ಆ ಪುಟ್ಟ ಟೊಪ್ಪಿಗೆಯನ್ನು ನಮ್ಮ ಪಕ್ಕದ ಮನೆಯ ಖಾಲಾ ಊಟಕ್ಕೆ ಮತ್ತು ನಮಾಜಿಗೆ ಬಿಟ್ಟರೆ ಬೇರೆ ಯಾವುದಕ್ಕೂ ತೆಗೆದವರಲ್ಲ. ಸಿನಿಮಾದ ನಾಯಕ ಹೇಳಬೇಕಾದ ಮಾತನ್ನು ನುಂಗಿಕೊಂಡು ಮುಖ ತಿರುಗಿಸಿದನೋ, ಆ ಬೆರಳು ಟಿವಿಯ ಗಾಜಿನ ಮೇಲೆ ಟಕ್ ಟಕ್ ಎಂದು ಬೀಳುತ್ತಿತ್ತು. “ಹೇಳಲೇ ಖೋಡಿ! ಬಾಯಾಗೇನು ಅವಲಕ್ಕಿ ತುಂಬ್ಕೊಂಡೀಯೇನು?”

ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿವಿ ಬಂದಾಗ ಅವರ ಗಂಡ, ನಮ್ಮ ಚಾಚಾ, ಒಂದು ಸ್ಟೀಲಿನ ತಾಟು ತಂದು ಖಾಲಾನ ಪಕ್ಕದಲ್ಲಿಟ್ಟರು. ಅಂದಿನಿಂದ ಎಲ್ಲ ನಾಯಕರ ತಪ್ಪಿಗೂ ಆ ತಾಟೇ ಪೆಟ್ಟು ತಿಂದಿತು.

ದಾಂಡೇಲಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಚಾಚಾ ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಖಾಲಾ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಿದ್ದರು. ಭಾನುವಾರ ಊಟವಾದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಒಂದು ಹಳೆಯ ಸಿನಿಮಾ ಹಚ್ಚುತ್ತಿದ್ದರು. ಹೊಡೆದಾಟದ್ದಲ್ಲ, ಅಳಿಸುವಂಥದ್ದೂ ಅಲ್ಲ. ಸೈಕಲ್ಲಿಗೆ ಸೈಕಲ್ಲು ಡಿಕ್ಕಿಯಾಗಿ ಜಗಳದಲ್ಲಿ ಶುರುವಾಗುವ, ಹುಡುಗಿಯ ಅಪ್ಪನನ್ನು ಒಲಿಸಿಕೊಳ್ಳಲು ನಾಯಕ ಅಡುಗೆಯವನ ವೇಷದಲ್ಲಿ ಮನೆಗೆ ಸೇರಿಕೊಳ್ಳುವ, ಕೊನೆಯಲ್ಲಿ ಎಲ್ಲರೂ ನಕ್ಕು ಸಾಲಾಗಿ ನಿಲ್ಲುವ ಪ್ರೇಮದ ನಗೆಚಿತ್ರಗಳು. ಕನ್ನಡವೋ ಹಿಂದಿಯೋ, ಕಪ್ಪುಬಿಳುಪೋ ಬಣ್ಣದ್ದೋ, ಖಾಲಾಗೆ ಭೇದವಿರಲಿಲ್ಲ. ಓಣಿಯ ಹೆಂಗಸರು, ಮಕ್ಕಳು, ಕಾಲೇಜಿನ ಹುಡುಗಿಯರು ಎಲ್ಲ ಚಾಪೆ ತುಂಬ ಕೂರುತ್ತಿದ್ದೆವು. ನೋಡಿದ್ದನ್ನೇ ಮತ್ತೆ ನೋಡುತ್ತಿದ್ದೆವು. ಮಾತುಗಳೆಲ್ಲ ಬಾಯಿಪಾಠ. ಆದರೂ ಅವನು ಅವಳ ಮನೆಯ ಬಾಗಿಲು ಬಡಿಯುವ ಹೊತ್ತಿಗೆ ನನ್ನ ಎದೆ ಪ್ರತಿಸಲವೂ ಢವಢವ ಎನ್ನುತ್ತಿತ್ತು!

“ಕಡೀಕ ಕೂಡ್ತಾರಂತ ಗೊತ್ತೇ ಐತಲ್ಲ ಖಾಲಾ, ಮತ್ತ ಯಾಕ ನೋಡೂದು?” ಎಂದು ಒಮ್ಮೆ ಕೇಳಿದ್ದೆ.

“ಹೋಳಿಗಿ ಸಿಹಿ ಇರ್ತೈತಂತ ಗೊತ್ತಿದ್ದೂ ನಿಮ್ಮವ್ವ ಮಾಡಿದಾಗೊಮ್ಮೆ ಮೂರು ಮೂರು ತಿಂತೀಯಲ್ಲ ಬೇಟಿ?” ಎಂದರು.

ಆ ಮನೆಯಲ್ಲಿ ಸಿನಿಮಾಕ್ಕೆ ಒಂದೇ ಕಟ್ಟಳೆ. ಜಗಳದಲ್ಲಿ ಯಾರೂ ಎದ್ದು ಹೋಗುವಂತಿಲ್ಲ. ನಾಯಕ ನಾಯಕಿ ಮುನಿಸಿಕೊಂಡಿರುವಾಗ ಎದ್ದು ಹೋದರೆ ಆ ಮುನಿಸು ನಮ್ಮ ಬೆನ್ನು ಹತ್ತಿ ನಮ್ಮ ಮನೆಗೇ ಬರುತ್ತದೆ ಎಂದು ಅವರ ನಂಬಿಕೆ. ನಮ್ಮ ಊರಿನ ಕರೆಂಟಿಗೆ ಈ ಕಟ್ಟಳೆ ತಿಳಿಯದು. ಸರಿಯಾಗಿ ಜಗಳದ ಹೊತ್ತಿಗೇ ಹೋಗುತ್ತಿತ್ತು. ಆಗ ಖಾಲಾ ಬಾಗಿಲಿಗೆ ಅಡ್ಡ ಕೂತು ಮುಂದಿನ ಕತೆಯನ್ನು ಬಾಯಲ್ಲೇ ಹೇಳಿ, ಇಬ್ಬರನ್ನೂ ಕೂಡಿಸಿಯೇ ನಮ್ಮನ್ನು ಮನೆಗೆ ಬಿಡುತ್ತಿದ್ದರು. ಇದ್ದದ್ದು ಇದ್ದಂತೆ ಹೇಳುವ ಪೈಕಿ ಅವರಲ್ಲ. ಆ ಕತೆಯೊಳಗೆ ನಮ್ಮ ಓಣಿಯ ಹಾಲಿನವನು ಬರುತ್ತಿದ್ದ, ನನ್ನ ಅಪ್ಪನ ಗೊರಕೆ ಬರುತ್ತಿತ್ತು, ನಾಯಕಿ ಹಳಿಯಾಳದ ಸಂತೆಯಲ್ಲಿ ಕಳೆದುಹೋಗುತ್ತಿದ್ದಳು. ಒಮ್ಮೆ ಅವರು ಹೇಳಿ ಮುಗಿಸಿದ ಮೇಲೆ ಕರೆಂಟು ಬಂತು, ನಿಜವಾದ ಕೊನೆಯನ್ನೂ ನೋಡಿದೆವು. ಸಪ್ಪಗಿತ್ತು. “ಖಾಲಾಂದ ಛಲೋ ಇತ್ತು” ಎಂದು ಎಲ್ಲರೂ ಒಕ್ಕೊರಲಿಂದ ತೀರ್ಪು ಕೊಟ್ಟೆವು.

ಕೊನೆಯನ್ನು ಎಂದೂ ನೋಡದವರು ಚಾಚಾ ಒಬ್ಬರೇ. ಭಾನುವಾರ ಅವರಿಗೆ ಸದಾ ಮಧ್ಯಾಹ್ನದ ಪಾಳಿ, ಇನ್ನೇನು ಇಬ್ಬರೂ ಕೂಡಬೇಕು ಅನ್ನುವಾಗ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಹೊಸ್ತಿಲ ಹೊರಗೆ ಕೂತು ನೋಡುತ್ತಿದ್ದ ಅವರು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಅವರು ಮರಳಿದ ಮೇಲೆ ಖಾಲಾ ಊಟಕ್ಕೆ ಬಡಿಸುತ್ತ ಉಳಿದ ಕತೆ ಹೇಳುವುದು, ಚಾಚಾ “ಆಮ್ಯಾಲೆ? ಆಮ್ಯಾಲೇನಾತು?” ಎನ್ನುವುದು ಗೋಡೆಯಾಚೆಗೆ ನಮಗೆ ಕೇಳುತ್ತಿತ್ತು. ಕಟ್ಟಳೆ ಅವರಿಗೆ ಮಾತ್ರ ಸಡಿಲ. ನೌಕರಿಯ ಭೋಂಗಾ ಕೂಗಿದರೆ ಯಾರಿಂದ ಏನು ಮಾಡಲಾಗುತ್ತದೆ ಹೇಳಿ.

ನನ್ನ ಮದುವೆ ನಿಶ್ಚಯವಾದದ್ದು ಕುಂಬಾರವಾಡದ ಶಾಲೆಯ ಮಾಸ್ತರರ ಜೊತೆ. ಹಳಿಯಾಳದ ಮನೆತನ, ಮಾತು ಕಡಿಮೆ, ನಕ್ಕರೆ ಗಲ್ಲದಲ್ಲಿ ಗುಳಿ. ನನಗೆ ಇಷ್ಟವಾಗಿದ್ದರು, ಸುಳ್ಳು ಯಾಕೆ ಹೇಳಲಿ! ಆದರೆ ಮದುವೆಯಾದ ಮೇಲೆ ಕುಂಬಾರವಾಡದಲ್ಲೇ ಇರೋಣ ಎಂದು ಅವರು ಅಂದ ದಿನ ನನ್ನ ತಲೆ ಕೆಟ್ಟಿತು. “ಆ ಅಡವ್ಯಾಗ ಯಾರ ಇರ್ತಾರ್ರಿ?” ಎಂದುಬಿಟ್ಟೆ. “ನಾ ಇರ್ತೇನಲ್ರಿ” ಎಂದು ಎದ್ದು ಹೋದರು. ಅಲ್ಲಿಗೆ ಬಸ್ಸು ಅಪರೂಪ, ಫೋನು ಹತ್ತುವುದು ಅದಕ್ಕಿಂತ ಅಪರೂಪ. ವಾರಗಟ್ಟಲೆ ಇಬ್ಬರ ನಡುವೆ ಮಾತಿಲ್ಲ. ಹಿರಿಯರು ಕೂತು, ಸೋಮವಾರ ಹಳಿಯಾಳಕ್ಕೆ ಹೋಗಿ ನಿಶ್ಚಯದ ಸೀರೆಯನ್ನು ಮರಳಿಸಿ ಬರುವುದೆಂದು ತೀರ್ಮಾನ ಮಾಡಿದರು.

ಭಾನುವಾರ ಬೆಳಿಗ್ಗೆ ಅಳುತ್ತ ಖಾಲಾನ ಮನೆಗೆ ಹೋದೆ. ಆ ಸೀರೆಯ ಜಂಪರು ಅರ್ಧ ಹೊಲಿದು ಯಂತ್ರದ ಮೇಲಿತ್ತು. ಸಮಾಧಾನ ಮಾಡಿಯಾರು ಎಂದುಕೊಂಡರೆ ಆ ಮಹಾತಾಯಿ ಬಿದ್ದು ಬಿದ್ದು ನಕ್ಕರು.

“ಅರೆ ಪಗಲಿ, ಸಿನಿಮಾ ಮುಗದಿಲ್ಲ. ಕರೆಂಟ್ ಹೋಗೇತಿ, ಅಷ್ಟ. ಅಂವ ಬೇಕೋ ಬ್ಯಾಡೋ? ಅಷ್ಟ ಹೇಳು.”

“ಬೇಕು.”

“ಇದನ್ನ ನನಗ ಹೇಳಿದ್ರ ಏನ್ ಉಪಯೋಗ? ಏಳು, ಹೋಗೂಣು ಕುಂಬಾರವಾಡಕ್ಕ!”

ಆ ಭಾನುವಾರ ನಮ್ಮ ಓಣಿಯಲ್ಲಿ ಸಿನಿಮಾ ಇರಲಿಲ್ಲ. ಬುರ್ಖಾ ಹಾಕಿಕೊಂಡು, ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಖಾಲಾ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನಗೆ ತಾಲೀಮು. ನಾನು ಏನು ಹೇಳಬೇಕು, ಮಾಸ್ತರರು ಏನು ಅಂದರೆ ನಾನು ಏನು ಅನ್ನಬೇಕು, ಯಾವಾಗ ತಲೆ ತಗ್ಗಿಸಬೇಕು. ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ಕೂತು ತನ್ನ ಸಲಹೆಯನ್ನೂ ಸೇರಿಸಿದಳು.

ಸೂಪಾ ಆಣೆಕಟ್ಟು ದಾಟಿ ರಸ್ತೆ ತಿರುವು ತೆಗೆದುಕೊಳ್ಳುವಲ್ಲಿ ಎದುರಿನಿಂದ ಬಸ್ಸೊಂದು ಬಂತು. ನಮ್ಮ ಕಡೆಯ ಡ್ರೈವರುಗಳು ಎದುರುಬದುರಾದರೆ ಸುಮ್ಮನೆ ಹೋಗುವುದಿಲ್ಲ. ಕಿಟಕಿಗೆ ಕಿಟಕಿ ತಾಗುವಂತೆ ಎರಡೂ ಬಸ್ಸು ನಿಲ್ಲಿಸಿ, ಎಲ್ಲಿ ಮರ ಬಿದ್ದಿದೆ, ಯಾರ ಮನೆಯಲ್ಲಿ ಮದುವೆ ಎಂದು ವಿಚಾರಿಸಿಕೊಂಡೇ ಮುಂದಕ್ಕೆ. ಅಂದೂ ನಿಂತರು. ಅವರ ಪಂಚಾಯಿತಿ ನಡೆದಿರುವಾಗ ಖಾಲಾ ನನ್ನ ತೊಡೆ ಚಿವುಟಿದರು.

“ಯಾ ಅಲ್ಲಾ! ಅಲ್ಲಿ ನೋಡು, ನಿನ್ನ ಹೀರೋ!”

ಎದುರಿನ ಬಸ್ಸಿನ ಕಿಟಕಿಯಲ್ಲಿ ನಮ್ಮ ಮಾಸ್ತರರು! ತಲೆ ಬಾಗಿಸಿ ಕೂತಿದ್ದಾರೆ. ನಾನು ಅವರ ಊರಿಗೆ ಹೊರಟಿದ್ದೇನೆ, ಅವರು ನಮ್ಮ ಊರಿಗೆ ಹೊರಟಿದ್ದಾರೆ. ಡ್ರೈವರುಗಳು ಹರಟೆಮಲ್ಲರಲ್ಲದಿದ್ದರೆ ಒಬ್ಬರಿಗೊಬ್ಬರು ಸಿಗದೆ ದಾಟಿಹೋಗುತ್ತಿದ್ದೆವು. ಖಾಲಾನ ಅಂಗುಸ್ತಾನ ಕಿಟಕಿಯ ಸರಳಿನ ಮೇಲೆ ಟಣ್ ಟಣ್ ಎಂದು ಬಡಿಯಿತು. ಅವರು ತಲೆ ಎತ್ತಿದರು.

ನಮ್ಮಿಬ್ಬರ ನಡುವೆ ಒಂದು ಮೊಳದಷ್ಟು ಗಾಳಿ. ತಾಲೀಮಿನ ಮಾತೆಲ್ಲ ಹಾರಿಹೋಯಿತು.

“ಹೇಳು!” ಖಾಲಾ ಪಕ್ಕೆಗೆ ತಿವಿದರು.

“ಕುಂಬಾರವಾಡದಾಗ... ಜಂಪರ್ ಹೊಲಿಯವ್ರು ಅದಾರೇನ್ರಿ?” ಎಂದೆ.

ಅವರು ಕಿಟಕಿಗೆ ಇನ್ನಷ್ಟು ಬಾಗಿದರು. ಗಲ್ಲದಲ್ಲಿ ಗುಳಿ ಬಿತ್ತು. “ಇಲ್ರಿ. ಆದ್ರ ದಾಂಡೇಲಿಗೆ ಬಸ್ ಐತಿ. ಪ್ರತಿ ಭಾನುವಾರ ಕರ್ಕೊಂಡ್ ಬರ್ತೇನಿ. ಅದನ್ನ ಹೇಳಾಕ ನಿಮ್ಮ ಮನೀಗೆ ಹೊಂಟಿದ್ದೆ.”

ಅಷ್ಟರಲ್ಲಿ ಡ್ರೈವರುಗಳ ಮಾತು ಮುಗಿದು ಎರಡೂ ಬಸ್ಸು ಗುರ್ ಎಂದವು. ಖಾಲಾ ಸೀಟಿನ ಮೇಲೆ ಎದ್ದೇ ನಿಂತರು. “ತಡೀರಿ ಡ್ರೈವರಣ್ಣ, ತಡೀರಿ! ಇನ್ನೂ ಕೂಡಿಲ್ಲ!”

ಎರಡೂ ಬಸ್ಸಿನ ಮಂದಿ ಹೋ ಎಂದು ನಕ್ಕರು. ಮಾಸ್ತರರು ತಮ್ಮ ಬಸ್ಸಿನಿಂದ ಧುಮುಕಿ ನಮ್ಮ ಬಸ್ಸು ಹತ್ತಿದರು. “ಕುಂಬಾರವಾಡದಿಂದ ಬಂದವ್ರು ಮತ್ತ ಕುಂಬಾರವಾಡಕ್ಕ ಹೊಂಟ್ರಲ್ರಿ ಮಾಸ್ತರ!” ಎಂದ ಕಂಡಕ್ಟರ್. ಮುಂದಿನ ಸೀಟಿನ ಅಜ್ಜಿ ಎದ್ದು ಅವರಿಗೆ ಜಾಗ ಬಿಟ್ಟುಕೊಟ್ಟಳು. ಅರ್ಧವಾಗಿದ್ದ ಆ ಜಂಪರನ್ನು ಖಾಲಾ ಮರುದಿನವೇ ಮುಗಿಸಿದರು. ಇವತ್ತಿಗೂ ಅದು ನನ್ನ ಮೈಗೆ ಸರಿಯಾಗಿ ಕೂರುತ್ತದೆ, ಹೊಲಿಗೆ ಬಿಚ್ಚಿಸಿದ್ದೇನೆ ಅನ್ನುವುದು ಬೇರೆ ಮಾತು.

ಮಾಸ್ತರರು ಮಾತು ಉಳಿಸಿಕೊಂಡರು. ಬಸ್ಸು ಕೈಕೊಡದ ಭಾನುವಾರಗಳಲ್ಲೆಲ್ಲ ನಾವು ಖಾಲಾನ ಚಾಪೆಯ ಮೇಲಿದ್ದೆವು. ಚಾಚಾ ನಿವೃತ್ತರಾದರು. ಈಗಲಾದರೂ ಪೂರ್ತಿ ಸಿನಿಮಾ ನೋಡಿಯಾರು ಎಂದರೆ, ಭೋಂಗಾ ಕೂಗಿದ ಕೂಡಲೆ ಅದೇ ಚಪ್ಪಲಿ ಮೆಟ್ಟಿ ಚಹಾದ ಅಂಗಡಿಯ ಕಡೆ ನಡೆದುಬಿಡುತ್ತಿದ್ದರು. ಇದೇನು ಹುಚ್ಚು ಎಂದು ನಾವು ನಗುತ್ತಿದ್ದೆವು.

ಈ ವರ್ಷ ಖಾಲಾ ಹಾಸಿಗೆ ಹಿಡಿದರು. ಮಲಗಿದಲ್ಲಿಂದಲೇ ಸಿನಿಮಾ, ಮಲಗಿದಲ್ಲಿಂದಲೇ ತಾಟಿಗೆ ಪೆಟ್ಟು. ಕೊನೆಯ ಭಾನುವಾರ ನಾನು ಅಲ್ಲೇ ಇದ್ದೆ. ನಾಯಕಿ ಸಿಟ್ಟಿನಿಂದ ರೈಲು ಹತ್ತಿದ್ದಳು, ನಾಯಕ ಇನ್ನೂ ಮನೆಯಲ್ಲೇ ಇದ್ದ. ಭೋಂಗಾ ಕೂಗಿತು, ಚಾಚಾ ಹೋದರು. ತಿರುಗಿ ನೋಡಿದರೆ ಖಾಲಾಗೆ ಕಣ್ಣು ಹತ್ತಿತ್ತು. ಪಾಪ, ಮಲಗಲಿ ಎಂದು ಟಿವಿ ಆರಿಸಿದೆವು. ಆ ಮನೆಯ ಕಟ್ಟಳೆ ತಪ್ಪಿದ್ದು ಅದೊಂದೇ ಸಲ. ಎರಡು ದಿನದಲ್ಲಿ ಖಾಲಾ ಹೋಗಿಬಿಟ್ಟರು.

ಮುಂದೊಂದು ಭಾನುವಾರ ಚಾಚಾನನ್ನು ಮಾತಾಡಿಸಲು ಹೋದೆ. ಹೊಸ್ತಿಲ ಹೊರಗೆ ಅದೇ ಜಾಗದಲ್ಲಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಭೋಂಗಾ ಕೂಗಿತು. ಅವರು ಏಳಲಿಲ್ಲ.

“ಬೇಟಿ, ಅವತ್ತಿನ ಸಿನಿಮಾ... ಆ ಹುಡುಗಿ ರೈಲ್ ಹತ್ತಿದ್ಲಲ್ಲ. ಆಮ್ಯಾಲೇನಾತು?”

“ಟಿವಿ ಹಚ್ಚಲೇನ್ರಿ ಚಾಚಾ? ನೀವ ನೋಡ್ರಿ” ಎಂದು ಎದ್ದೆ.

“ಬ್ಯಾಡ, ಬ್ಯಾಡ” ಎಂದು ಕೈ ಆಡಿಸಿದರು. “ನೌಕರಿ ಮುಗದ ಮ್ಯಾಲೆ ನೋಡಬೌದಿತ್ತು. ನಾನ ನೋಡಲಿಲ್ಲ. ಅಕಿ ಹೇಳೂದು ಸಿನಿಮಾಕ್ಕಿಂತ ಛಲೋ ಇರ್ತಿತ್ತು. ನೋಡಿಬಿಟ್ರ ಅಕಿ ಯಾಕ ಹೇಳ್ತಾಳ?”

ಎದ್ದವಳು ಮತ್ತೆ ಕೂತೆ. ಜಗಳದಲ್ಲಿ ಎದ್ದು ಹೋಗುವಂತಿಲ್ಲ. ಕಣ್ಣು ಒರೆಸಿಕೊಂಡು ಕತೆ ಶುರುಮಾಡಿದೆ. ಆ ಹುಡುಗಿಯ ರೈಲು ನೇರ ನಮ್ಮ ದಾಂಡೇಲಿಗೇ ಬಂತು, ಪ್ಲಾಟ್‌ಫಾರ್ಮಿನ ಮೇಲೆ ಬುರ್ಖಾ ಹಾಕಿದ, ಕೊರಳಲ್ಲಿ ಅಳತೆ ಟೇಪು ಇದ್ದ ಹೆಂಗಸೊಬ್ಬಳು ನಿಂತಿದ್ದಳು, ಅವಳು ರೈಲಿನ ಕಿಟಕಿಯನ್ನು ಟಣ್ ಟಣ್ ಎಂದು ಬಡಿದಳು ಎಂದೆ.

ಚಾಚಾ ನಕ್ಕರು. ಗೋಡೆಗೆ ಒರಗಿ ಕಾಲು ಚಾಚಿಕೊಂಡರು.

“ಆಮ್ಯಾಲೆ?”