ಕೊಪ್ಪರಿಗೆಯ ಅಂಚಿನ ಹೆಸರು

ಜೆರ್ಸಿ ದ್ವೀಪದ ಮನೆತನಗಳ ಹೆಸರಿನ ಚರಿತ್ರೆಯನ್ನು ಕುರಿತು ಯಾರು ಮಾತೆತ್ತಿದರೂ ಆ ಮಾತು ಒಂದಲ್ಲ ಒಂದು ಕಡೆ ಕುಮಾರಿ ರಶೆಲ್ ಆಂಕ್ತಿಲ್ ಅವರ ಹೊಸ್ತಿಲು ದಾಟಿಯೇ ಮುಂದೆ ಹೋಗಬೇಕು. ನಾರ್ಮಂಡಿಯ ಕರಾವಳಿಯಲ್ಲಿ ಹುಟ್ಟಿ, ಕೆಲವು ಇಂಗ್ಲೆಂಡಿನ ಕೋಟೆಗಳಿಗೂ ಕೆಲವು ನಮ್ಮ ಆಲೂಗಡ್ಡೆ ಹೊಲಗಳಿಗೂ ಹರಿದುಬಂದ ಆ ಹಳೆಯ ಹೆಸರುಗಳನ್ನು ಅವರು ಒಂದೊಂದಾಗಿ ಎತ್ತಿ, ಒರೆಸಿ, ಬೆಳಕಿಗೆ ಹಿಡಿದಿದ್ದಾರೆ. ದ್ವೀಪದ ದಾಖಲೆ ಕೊಠಡಿಯಿಂದ ಅವರು ನಿವೃತ್ತರಾಗುತ್ತಿರುವ ಈ ಚಳಿಗಾಲದಲ್ಲಿ, ಅವರ ಶಿಷ್ಯೆಯೂ ಸಹೋದ್ಯೋಗಿಯೂ ಆದ ನನಗೆ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಬಂದಿದೆ. ಅವರ ವಿದ್ವತ್ತನ್ನು ತೂಗುವವರು ಬೇರೆ ಇದ್ದಾರೆ. ನಾನು ಅವರು ತಿದ್ದಿದ ನೂರಾರು ಹೆಸರುಗಳನ್ನು ಬಿಟ್ಟು ಅವರದೇ ಹೆಸರಿನ ಕಥೆ ಹೇಳಬೇಕೆಂದಿದ್ದೇನೆ. ಅಪ್ಪಣೆ ಕೇಳಿದಾಗ, "ಬರಿ. ಆದ್ರೆ ನನ್ನನ್ನ ದೇವತೆ ಮಾಡಿ ಕೂರಿಸ್ಬೇಡ, ನನಗೆ ಸೊಂಟನೋವು" ಎಂದರು.

ಆಂಕ್ತಿಲ್ ಎಂಬುದು ನಾರ್ಮನ್ನರ ಹೆಸರುಗಳಲ್ಲೇ ಬಹಳ ಹಳೆಯದು. ಸಾವಿರ ವರ್ಷಗಳ ಹಿಂದೆ ಬಡಗಣ ಕಡಲಿನಿಂದ ಉದ್ದ ದೋಣಿಗಳಲ್ಲಿ ಬಂದು ನೆಲೆನಿಂತ ಜನ ತಮ್ಮ ಗಂಡುಮಕ್ಕಳಿಗೆ ಇಡುತ್ತಿದ್ದ ಹೆಸರು ಅದು. ಅರ್ಥ ‘ದೇವರ ಕೊಪ್ಪರಿಗೆ’. ಆಮೇಲೆ ಅವರ ದೇವರು ಬದಲಾದ, ಭಾಷೆ ಬದಲಾಯಿತು, ಮಗನಿಗಿಟ್ಟ ಹೆಸರು ಮೊಮ್ಮಕ್ಕಳ ಮನೆತನದ ಹೆಸರಾಯಿತು. ಇದನ್ನು ರಶೆಲ್ ಅವರು ಮೊದಲ ದಿನ ಪಾಠ ಹೇಳಿದಾಗ ಕಿಟಕಿಯಾಚೆ ಇಳಿತದ ಕಡಲು ಮೈಲಿಗಟ್ಟಲೆ ಹಿಂದೆ ಸರಿದು, ಒದ್ದೆ ಮರಳಿನ ಮೇಲೆ ಮಂಜು ಕೂತಿತ್ತು. ಆ ಮಂಜಿನೊಳಗಿಂದ ಯಾರೋ ದೊಡ್ಡ ಪಾತ್ರೆ ಹೊತ್ತು ನಡೆದು ಬರುತ್ತಿದ್ದಾರೆಂದು ನನಗೆ ಅನ್ನಿಸಿತು. ಪಾಠ ಮುಗಿದದ್ದೂ ಗೊತ್ತಾಗದೆ ಕೂತಿದ್ದವಳಿಗೆ ಅವರು ಕೋಸಿನೆಲೆಯಲ್ಲಿ ಸುತ್ತಿ ಸುಟ್ಟ ರೊಟ್ಟಿ ಮುರಿದು ಕೊಟ್ಟು, "ತಿನ್ನು, ಹೊಟ್ಟೆ ಖಾಲಿ ಇದ್ರೆ ಚರಿತ್ರೆ ಹೆಂಡದ ಹಾಗೆ ತಲೆಗೇರುತ್ತೆ" ಎಂದು ನಕ್ಕರು.

ತಂದೆ ತೀರಿಹೋದಾಗ ರಶೆಲ್ ಚಿಕ್ಕ ಹುಡುಗಿ. ಅಣ್ಣ ಜೊಸುವೆ ಶಾಲೆ ಬಿಟ್ಟು ಹಸುಗಳ ಹಿಂದೆ ಹೋದರು. ತಂಗಿಯನ್ನು ಓದಿಸಿ, ಹಡಗು ಹತ್ತಿಸಿ ನಾರ್ಮಂಡಿಯ ಕಾನ್ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮದುವೆಯಾದರೂ ಅವರಿಗೆ ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಹಸುಗಳು, ತಂಗಿ ಮತ್ತು ಮನೆತನದ ಹೆಸರು. ಅಡುಗೆಮನೆಯ ಗೋಡೆಗೆ ಯಾವುದೋ ಅಂಗಡಿಯಲ್ಲಿ ಕೊಂಡ ವಂಶಲಾಂಛನ. ಅದರ ಕೆಳಗೆ ದಪ್ಪ ಮೊಳೆಗೆ ನೇತುಹಾಕಿದ, ಒಬ್ಬ ಮನುಷ್ಯ ಒಳಗೆ ಮುದುಡಿ ಕೂರಬಹುದಾದಷ್ಟು ದೊಡ್ಡ ಹಿತ್ತಾಳೆ ಕೊಪ್ಪರಿಗೆ. ಅದರ ಅಂಚಿನಲ್ಲಿ ‘ಎಂ. ಆಂಕ್ತಿಲ್’ ಎಂದು ಕೊರೆದಿತ್ತು. ಅದು ತಮ್ಮ ಮೂಲಪುರುಷ ಮಾತ್ಯೂ ಎಂಬಾತನ ಹೆಸರೆಂದೂ, ಆತನ ಹಿರೀಕರು ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಯ ಜೊತೆ ಕತ್ತಿ ಹಿಡಿದು ಹೋದವರೆಂದೂ ಜೊಸುವೆ ಬಂದವರಿಗೆಲ್ಲ ಹೇಳುತ್ತಿದ್ದರು. ಯಾರಾದರೂ ಹುಬ್ಬೇರಿಸಿದರೆ, "ನಮ್ಮ ರಶೆಲ್ ಪುಸ್ತಕ ಬರೀತಿದಾಳೆ. ಅದು ಬರಲಿ, ಆಮೇಲೆ ನಿನ್ನ ಬಾಯಿ ಮುಚ್ಚುತ್ತೆ" ಎನ್ನುತ್ತಿದ್ದರು. ತನ್ನ ನಂತರ ಹೆಸರು ಹೇಳುವವರಿಲ್ಲ, ಪುಸ್ತಕದಲ್ಲಾದರೂ ಉಳಿಯಲಿ ಎಂಬುದೇ ಅವರ ಆಸೆ.

ದಾಖಲೆ ಕೊಠಡಿಯಲ್ಲಿ ರಶೆಲ್ ಅವರ ಕೆಲಸ ಮನೆಮನೆಯ ಹೆಮ್ಮೆಯನ್ನು ನೋಯಿಸದೆ ಸರಿಪಡಿಸುವುದಾಗಿತ್ತು. ಕಾಡ್ ಎಂಬ ಮೀನಿನ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಕೆನಡಾಕ್ಕೆ ವಲಸೆ ಹೋದವರ ಮರಿಮಕ್ಕಳು ಬಂದು ನಮ್ಮ ತಾತ ಬ್ಯಾರನ್ ಅಲ್ಲವೇ ಎಂದು ಕೇಳುತ್ತಿದ್ದರು, ಬ್ಯಾರನ್ ಇರುತ್ತಿರಲಿಲ್ಲ. ಒಮ್ಮೆ ಅಂಥವರೊಬ್ಬರ ತಾತ ಹಂದಿ ಕದ್ದು, ಶಿಕ್ಷೆಗೆಂದು ಕೊರಳಿಗೆ ಹಲಗೆ ಕಟ್ಟಿಸಿಕೊಂಡು ನಿಂತವನೆಂದು ತಿಳಿದಾಗ ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ರಶೆಲ್ ಅವರು ವಿಚಾರಿಸಲು ಬಂದಿದ್ದ ಆ ಮುದುಕರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಆ ತಾತನ ಹೊಲಕ್ಕೆ ಕರೆದೊಯ್ದು, ಬೇಲಿಯ ಬಳಿ ನಿಲ್ಲಿಸಿ, ಗಾಳಿ ಬೀಸುತ್ತಿರುವಾಗ ಮೆಲ್ಲನೆ ವಿಷಯ ಹೇಳಿದರು. "ಆ ವರ್ಷ ಇಲ್ಲಿ ಬೆಳೆ ಇರಲಿಲ್ಲ ಸಾರ್. ಮನೆಯಲ್ಲಿ ಆರು ಮಕ್ಕಳು. ಹಂದಿ ಕದ್ದದ್ದಕ್ಕೇ ನೀವು ಇವತ್ತು ಇಲ್ಲಿ ನಿಂತಿದೀರಿ." ಆ ಹಿರಿಯರು ಟೋಪಿ ತೆಗೆದು ಹೊಲಕ್ಕೆ ನಮಸ್ಕರಿಸಿದರು. ಸತ್ಯವನ್ನು ಹೀಗೂ ಹೇಳಬಹುದು ಎಂದು ನಾನು ಕಲಿತದ್ದು ಅಲ್ಲಿ.

ನನ್ನ ಮದುವೆಗೆ ಅವರು ನೀಲಿ ಟೋಪಿ ಹಾಕಿಕೊಂಡು ಬಂದಿದ್ದರು. ನಮ್ಮಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿದ ಮನೆಯ ಹೆಸರು ಬಿಡುವುದಿಲ್ಲ. ಪತ್ರಕ್ಕೂ ಗೋರಿಕಲ್ಲಿಗೂ ಅದೇ ಹೆಸರು. ಮದುವೆಗೆ ತಾಯಿ ಉಡುಗೊರೆಯಾಗಿ ಕೊಡುವ ಕೊಪ್ಪರಿಗೆಯ ಮೇಲೂ ಅದನ್ನೇ ಕೊರೆಸುತ್ತಾರೆ. ನನ್ನ ಕೊಪ್ಪರಿಗೆ ಕಿಟಕಿಯ ಬಳಿ ಹೊಳೆಯುತ್ತಿತ್ತು. ರಶೆಲ್ ಅದರ ಅಂಚಿನ ಮೇಲೆ ಬೆರಳಾಡಿಸಿ, "ಏನಮ್ಮಾ, ಬರೀ ಎಸ್ತೆರ್ ವಿಬೆರ್? ಪಾಪ, ಅಳಿಯನ ಹೆಸರೆಲ್ಲಿ? ಮನೆ ಬಾಗಿಲ ಮೇಲಿನ ಕಲ್ಲಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಕೊರೆದಿರುತ್ತಲ್ಲ" ಎಂದು ನನ್ನ ತಾಯಿಯನ್ನು ಕಿಚಾಯಿಸಿದರು.

"ಬಾಗಿಲು ಬೇರೆ, ಕೊಪ್ಪರಿಗೆ ಬೇರೆ ಕಣ್ರೀ" ಎಂದರು ನನ್ನ ತಾಯಿ. "ಕೊಪ್ಪರಿಗೆಗೂ ಗಂಡಸಿಗೂ ಏನು ಸಂಬಂಧ? ಅವನು ಇವತ್ತಿರ್ತಾನೆ, ನಾಳೆ ಮೀನು ಹಿಡಿಯೋಕೆ ಹೋಗ್ತಾನೆ. ಇದು ಇಲ್ಲೇ ಇರುತ್ತೆ."

ಎಲ್ಲರೂ ನಕ್ಕರು. ರಶೆಲ್ ಅವರ ಬೆರಳು ಮಾತ್ರ ಅಂಚಿನ ಮೇಲೆ ಹಾಗೇ ನಿಂತುಬಿಟ್ಟಿತು. ಅವರ ಅಣ್ಣನ ಮನೆಯ ಗೋಡೆಯ ಮೇಲಿದ್ದ ಕೊಪ್ಪರಿಗೆಯ ಹೆಸರು ಗಂಡಸಿನದಾಗಿರಲು ಸಾಧ್ಯವೇ ಇರಲಿಲ್ಲ. ಇಷ್ಟು ಸಾಮಾನ್ಯವಾದ ಸಂಗತಿ, ಹೆಸರಿನ ಹೆಮ್ಮೆಯಲ್ಲಿ, ಇಡೀ ಮನೆತನಕ್ಕೆ ಹೊಳೆದಿರಲಿಲ್ಲ.

ಆಮೇಲೆ ಹುಡುಕಿದಾಗ ಉಳಿದದ್ದು ಬೇಗ ಸಿಕ್ಕಿತು. ಆ ಕಾಲದಲ್ಲಿ ಮಾತ್ಯೂ ಎಂಬುವನೇ ಇರಲಿಲ್ಲ. ಇದ್ದವಳು ಮಾರ್ತ್ ಆಂಕ್ತಿಲ್. ಮದುವೆಗೆಂದು ಅವಳಿಗೆ ಕೊಪ್ಪರಿಗೆ ಮಾಡಿಸಿದ್ದರು, ಮದುವೆಯಾಗಬೇಕಾದವನು ನ್ಯೂಫೌಂಡ್‌ಲ್ಯಾಂಡಿಗೆ ಮೀನು ಹಿಡಿಯಲು ಹೋಗಿ ಹಿಂತಿರುಗಲಿಲ್ಲ. ಒಂಟಿಯಾಗಿಯೇ ಉಳಿದ ಅವಳು ಒಂದು ದಿನ ಗಂಡು ಮಗುವೊಂದನ್ನು ಚರ್ಚಿಗೆ ಎತ್ತಿಕೊಂಡು ಹೋಗಿ, ಕಡಲು ಕೊಟ್ಟದ್ದು ಎಂದು ಹೇಳಿ, ತನ್ನ ಹೆಸರನ್ನೇ ಕೊಟ್ಟು ದೀಕ್ಷಾಸ್ನಾನ ಮಾಡಿಸಿದಳು. ಜೊಸುವೆ ಮತ್ತು ರಶೆಲ್ ಆ ಮಗುವಿನ ಸಂತಾನ. ಆ ಮಗು ಯಾರದು, ಯಾವ ದೇಶದ್ದು ಎಂಬುದು ಯಾರಿಗೂ ಗೊತ್ತಿಲ್ಲ.

ಆ ಕಥೆ ಇಡೀ ಊರಿಗೆ ಗೊತ್ತಿತ್ತು, ಹೆಸರುಗಳು ಮಾತ್ರ ಉದುರಿಹೋಗಿದ್ದವು. ಶರತ್ಕಾಲದಲ್ಲಿ ಸೇಬನ್ನು ಗಂಟೆಗಟ್ಟಲೆ ಕುದಿಸಿ, ನಾವು ಕಪ್ಪು ಬೆಣ್ಣೆ ಎಂದು ಕರೆಯುವ ಗಟ್ಟಿ ಪಾಕ ಮಾಡುವಾಗ ದೊಡ್ಡ ಕೊಪ್ಪರಿಗೆಯ ಸುತ್ತ ನೆರೆಹೊರೆಯವರೆಲ್ಲ ಸೇರಿ ಸರದಿಯ ಮೇಲೆ ಕಲಕುತ್ತೇವೆ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಆಗ ಕಥೆ ಹೇಳುವವರು ಯಾವಾಗಲೂ ಜೊಸುವೆಯೇ. ಹಡಗೊಂದು ಬಂಡೆಗೆ ಬಡಿದು ಒಡೆದ ಮಾರನೆಯ ಬೆಳಿಗ್ಗೆ ಕಡಲಪಾಚಿ ಬಾಚಲು ಹೋದ ಒಬ್ಬ ಹೆಂಗಸು, ಪಾಚಿಯ ರಾಶಿಯಲ್ಲಿ ಅಳುವ ಮಗುವನ್ನು ಕಂಡು, ಮನೆಗೆ ತಂದು, ಬಿಸಿನೀರು ತುಂಬಿದ ಕೊಪ್ಪರಿಗೆಯಲ್ಲಿ ಕೂರಿಸಿ ಉಪ್ಪು ತೊಳೆದ ಕಥೆ. ಪ್ರತಿ ವರ್ಷ ಮಕ್ಕಳು, "ಆ ಪಾಪು ಏನಾಯ್ತು ತಾತಾ?" ಎಂದು ಕೇಳುತ್ತಿದ್ದರು. ಪ್ರತಿ ವರ್ಷ ಅವರು, "ಯಾರಿಗ್ಗೊತ್ತೋ! ಕಲಕು, ಕಲಕು, ತಳ ಹತ್ತುತ್ತೆ" ಎನ್ನುತ್ತಿದ್ದರು.

ರಶೆಲ್ ಅವರ ಪುಸ್ತಕ ನಿಂತುಹೋಯಿತು. ಸುಳ್ಳು ಬರೆಯಲು ಅವರಿಗೆ ಬಾರದು. ನಿಜ ಬರೆದರೆ ತನ್ನನ್ನು ಸಾಕಿದ ಅಣ್ಣನ ಕೈಯಿಂದ ಅವರಲ್ಲಿದ್ದ ಒಂದೇ ಆಸ್ತಿಯನ್ನು ಕಿತ್ತುಕೊಂಡ ಹಾಗೆ. ವಿದ್ವಾಂಸರ ಸಭೆಗಳಲ್ಲಿ ಗೇಲಿ ಶುರುವಾಯಿತು, "ರಶೆಲ್ ಪುಸ್ತಕವಾ? ಬರುತ್ತೆ ಬಿಡಿ, ಕಡಲು ಬತ್ತಿ ಫ್ರಾನ್ಸಿಗೆ ನಡ್ಕೊಂಡು ಹೋಗೋ ಕಾಲಕ್ಕೆ" ಎಂದರು. ರಶೆಲ್ ಕೈಚೀಲ ಎತ್ತಿಕೊಂಡು ಬಂದುಬಿಡುತ್ತಿದ್ದರು. ನನ್ನ ಹತ್ತಿರ ಒಮ್ಮೆ ಮಾತ್ರ, "ಊರಿಗೆಲ್ಲ ಹೇಳಿದೆ ಎಸ್ತೆರ್, ನಮ್ಮ ಅಣ್ಣಂಗೆ ಹೇಳೋಕೆ ನಂಗೆ ಬೇಲಿ ಸಿಗ್ತಿಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು.

ಕಳೆದ ಬೇಸಿಗೆ, ಸಂತ ಯೋಹಾನನ ಹಬ್ಬದ ಹಿಂದಿನ ಸಂಜೆ, ನಾನು ರಶೆಲ್ ಜೊತೆ ಜೊಸುವೆಯ ಅಂಗಳದಲ್ಲಿದ್ದೆ. ಹಿಂದೆ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿಯನ್ನು ಜೊಸುವೆ ಬಿಟ್ಟಿರಲಿಲ್ಲ. ಕೊಪ್ಪರಿಗೆಯನ್ನು ಗೋಡೆಯಿಂದ ಇಳಿಸಿ, ತುಸು ನೀರು ಹಾಕಿ, ಅಂಚಿಗೆ ಜೊಂಡುಹುಲ್ಲು ಬಿಗಿದು, ಒದ್ದೆ ಕೈಯಲ್ಲಿ ಹಸುವಿನ ಕೆಚ್ಚಲು ಹಿಂಡುವ ಹಾಗೆ ಹುಲ್ಲನ್ನು ಎಳೆಯತೊಡಗಿದರು. ಹಿತ್ತಾಳೆ ಮೊದಲು ಗೊಣಗಿತು, ಆಮೇಲೆ ಹಾಡಿತು. ಆ ಗುಂಯ್‌ಗುಡುವಿಕೆ ಕಿವಿಗಿಂತ ಮೊದಲು ಪಾದಕ್ಕೆ ತಿಳಿಯುತ್ತದೆ. ದೂರದ ಯಾವುದೋ ಅಂಗಳದಿಂದ ಇನ್ನೊಂದು ಕೊಪ್ಪರಿಗೆ ದನಿಗೂಡಿಸಿತು, ಹಸುಗಳು ಮೇಯುವುದು ಬಿಟ್ಟು ತಲೆಯೆತ್ತಿದವು, ಕತ್ತಲಾಗಲು ಒಲ್ಲದ ಆಕಾಶ ಹಾಲಿನ ಬಣ್ಣದಲ್ಲಿ ತೇಲುತ್ತಿತ್ತು. ಯಾವ ಶತಮಾನದಲ್ಲಿ ನಿಂತಿದ್ದೇನೆಂಬುದು ನನಗೆ ಒಂದು ಗಳಿಗೆ ಮರೆತುಹೋಯಿತು.

"ಅಣ್ಣಾ" ಎಂದರು ರಶೆಲ್. "ನೀನು ಹೇಳ್ತೀಯಲ್ಲ, ಪಾಚಿ ಬಾಚೋಕೆ ಹೋದ ಹೆಂಗಸು. ಅವಳ ಹೆಸರು ಮಾರ್ತ್. ಇದು ಅವಳ ಕೊಪ್ಪರಿಗೆ."

ಜೊಸುವೆಯ ಕೈ ನಿಂತಿತು. ಹಿತ್ತಾಳೆಯ ದನಿ ತಾನೇತಾನಾಗಿ ಇಳಿದು ಆರಿಹೋಯಿತು. ರಶೆಲ್ ಎಲ್ಲವನ್ನೂ ಹೇಳಿದರು.

"ಹಂಗಾದ್ರೆ ದೊರೆ ಜೊತೆ ಹೋದೋರು?"

"ನಮ್ಮೋರಲ್ಲಣ್ಣ."

"ನಾವು ಯಾರು ಮತ್ತೆ?"

"ಗೊತ್ತಿಲ್ಲ."

ಜೊಸುವೆ ಎದ್ದು, ಕೈ ಒರೆಸಿಕೊಂಡು, ಹಸುಗಳ ಕಡೆ ಹೋದರು. ಕೊಪ್ಪರಿಗೆ ಅಂಗಳದಲ್ಲೇ ಉಳಿಯಿತು. ಬೇಸಿಗೆ ಮುಗಿಯುವವರೆಗೂ ಅವರು ತಂಗಿಯ ಮನೆಯ ಕಡೆ ಬರಲಿಲ್ಲ, ಫೋನೂ ಮಾಡಲಿಲ್ಲ. ರಶೆಲ್ ಅವರು ಕಚೇರಿಗೆ ಬಂದು ಕೂರುತ್ತಿದ್ದರು, ಒಂದೇ ಪುಟವನ್ನು ನೋಡುತ್ತಿದ್ದರು. ಅಣ್ಣನನ್ನು ಕಳೆದುಕೊಂಡೆ ಎಂದೇ ಅವರು ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ.

ಸೇಬಿನ ಕಾಲ ಬಂತು. ಈ ವರ್ಷ ಕಪ್ಪು ಬೆಣ್ಣೆ ನಮ್ಮ ಅಂಗಳದಲ್ಲಿ. ಮಧ್ಯಾಹ್ನದ ಹೊತ್ತಿಗೆ ಜೊಸುವೆಯ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದೆ, ಆಲೂಗಡ್ಡೆ ಚೀಲಗಳ ಮೇಲೆ, ಕೊಪ್ಪರಿಗೆ. ಅದನ್ನು ಇಳಿಸಿ ತಂಗಿಯ ಕಾಲ ಬಳಿ ಇಟ್ಟರು.

"ತಗೋ. ಇದು ಹೆಂಗಸರದ್ದು. ನಾನು ಸುಮ್ನೆ ಮೊಳೆಗೆ ನೇತಾಕ್ಕೊಂಡು ಮೆರೀತಿದ್ದೆ."

ಅಂಚಿನಲ್ಲಿ ಹಳೆಯ ಹೆಸರಿನ ಪಕ್ಕ ಹೊಸದಾಗಿ ಕೊರೆದಿತ್ತು: ‘ಆರ್. ಆಂಕ್ತಿಲ್’. ಮದುವೆಯಾಗದ ಕಾರಣಕ್ಕೆ ಯಾರೂ ಕೊಪ್ಪರಿಗೆ ಕೊಡದೆ ಬಿಟ್ಟಿದ್ದ ರಶೆಲ್ ಅವರು ಅದರ ಮುಂದೆ ಮಂಡಿಯೂರಿ ಕೂತುಬಿಟ್ಟರು.

"ಪುಸ್ತಕ ಬರಿ" ಎಂದರು ಜೊಸುವೆ. "ಎಲ್ಲಾನೂ ಬರಿ. ಮೊದಲನೇ ಪುಟದಲ್ಲಿ ನಮ್ಮಜ್ಜಿ ಹೆಸರಿರಲಿ."

ಸೇಬು ಮತ್ತು ಸೇಬಿನ ಮದ್ಯವಾದ ಸೈಡರ್ ಕುದಿಯತೊಡಗಿದವು. ಮರದ ಹುಟ್ಟು ಕೈಯಿಂದ ಕೈಗೆ ಹೋಗಿ ಜೊಸುವೆಯ ಬಳಿ ಬಂತು. ಅವರು ಕಥೆ ಶುರುಮಾಡಿದರು. ಹಡಗು ಒಡೆಯಿತು, ಬೆಳಗಾಯಿತು, ಮಾರ್ತ್ ಪಾಚಿ ಬಾಚಲು ಹೊರಟಳು. ಈ ಸಲ ಅವಳಿಗೆ ಹೆಸರಿತ್ತು. ಕೊನೆಗೆ ನನ್ನ ಮಗಳು ಕೇಳಿದಳು, "ಆ ಪಾಪು ಏನಾಯ್ತು ತಾತಾ?"

ಜೊಸುವೆ ಹುಟ್ಟನ್ನು ತಂಗಿಯ ಕೈಗೆ ಕೊಟ್ಟರು.

"ಆ ಪಾಪುನಾ? ಇಲ್ಲೇ ಇದೆ ನೋಡಮ್ಮ. ಸೇಬು ಕಲಕ್ತಾ ಇದೆ."

ಪೂಜ್ಯ ರಶೆಲ್ ಆಂಕ್ತಿಲ್ ಅವರೇ, ದಾಖಲೆ ಕೊಠಡಿಯ ಬೀಗದ ಕೈ ಇನ್ನು ನನ್ನ ಹತ್ತಿರವಿರುತ್ತದೆ, ಆದರೆ ನಿಮ್ಮ ಕುರ್ಚಿಯಲ್ಲಿ ಕೂರುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಿಮಗೂ ನಿಮ್ಮ ಅಣ್ಣನವರಿಗೂ ದೀರ್ಘವಾದ, ಬಿಡುವಿನ ವರ್ಷಗಳು ದೊರೆಯಲಿ, ಸೊಂಟನೋವು ಬೇಗ ಬಿಟ್ಟುಹೋಗಲಿ, ಪುಸ್ತಕ ಮುಗಿಯಲಿ. ಮುಂದಿನ ಬೇಸಿಗೆಯ ಆ ಸಂಜೆ ನಿಮ್ಮ ಒದ್ದೆ ಕೈ ಜೊಂಡನ್ನು ಎಳೆಯುವಾಗ ನಾವೆಲ್ಲ ನಮ್ಮ ನಮ್ಮ ಅಂಗಳಗಳಲ್ಲಿ ಕೊಪ್ಪರಿಗೆ ಇಳಿಸಿಕೊಂಡು ಕಾಯುತ್ತಿರುತ್ತೇವೆ. ಮೊದಲ ದನಿ ಮಾರ್ತ್ ಅಜ್ಜಿಯ ಮನೆಯಿಂದ ಬರಲಿ.