ಮಾದಮ್ಮಜ್ಜಿಗೆ ಹೊಲಿದ ರವಿಕೆ

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಕೊಳ್ಳೇಗಾಲದಲ್ಲಿ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿದೆ. ಕೈಚೀಲದಲ್ಲಿ ಎರಡು ಹೊಸ ರವಿಕೆಗಳಿದ್ದವು. ಒಂದು ನನ್ನದು. ಅಣ್ಣನ ಮಗ ಡೇವಿಡನ ಮದುವೆಗೆಂದು ಆಸೆಪಟ್ಟು ಹೊಲಿದುಕೊಂಡದ್ದು. ಬೆನ್ನಿಗೆ ದಾರ ಕಟ್ಟಿ ಕುಚ್ಚು ಬೇರೆ ಇಳಿಬಿಟ್ಟಿದ್ದೆ. ಇನ್ನೊಂದು, ಹುಟ್ಟಿದಾಗಿನಿಂದ ರವಿಕೆಯನ್ನೇ ತೊಡದ ಒಬ್ಬ ಮುದುಕಿಗೆ.

ಆ ಮುದುಕಿ ಮದುವೆ ಹೆಣ್ಣು ಸುಧಾಳ ಅಜ್ಜಿ ಮಾದಮ್ಮ. ಸೇಲಂ ಜಿಲ್ಲೆಯ ಮೇಚೇರಿ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿರುವ ಕನ್ನಡದ ಮನೆ ಅವರದು. ತಾಯಿಯಿಲ್ಲದ ಸುಧಾಳನ್ನು ಸಾಕಿದವಳು ಈ ಅಜ್ಜಿಯೇ. ಸುಧಾ ನಮ್ಮೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ನನ್ನ ಮಹಡಿ ಮನೆಗೆ ಬಾಡಿಗೆಗೆ ಬಂದಳು, ಡೇವಿಡ್ ನನ್ನನ್ನು ನೋಡುವ ನೆಪದಲ್ಲಿ ವಾರವಾರ ಬರತೊಡಗಿದ, ಮಿಕ್ಕದ್ದು ತಾನಾಗಿ ನಡೆಯಿತು. ಅವನಿಗೆ ಧರ್ಮಪುರಿ ಹತ್ತಿರದ ಮೊರಪ್ಪೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಮದುವೆ ಅಲ್ಲಿಯ ಒಂದು ಸಣ್ಣ ಚರ್ಚಿನಲ್ಲಿ. ಆ ಚರ್ಚಿನ ಬಾಗಿಲಲ್ಲಿ ಒಂದು ಫಲಕ ತೂಗುಹಾಕಿದ್ದಾರೆ: ದೇವರ ಸನ್ನಿಧಿಗೆ ಬರುವವರು ಮರ್ಯಾದೆಯ ಉಡುಪು ತೊಟ್ಟು ಬನ್ನಿ, ಭುಜ ಬೆನ್ನು ಮುಚ್ಚಿರಲಿ. ಅದನ್ನು ಓದಿದ ದಿನದಿಂದ ಸುಧಾಳಿಗೆ ನಿದ್ದೆಯಿಲ್ಲ.

"ಅತ್ತೆ, ಅಜ್ಜಿ ಬರಲ್ಲ ಅಂತೈತೆ. ಅಜ್ಜಿ ಒಳಗೆ ಬರ್ದಿದ್ರೆ ನಾನೂ ಬಾಗ್ಲ ವಾಸ್ಲಲ್ಲೇ ನಿಂತ್ಕತೀನಿ, ಸರಿ ತಾನೇ?" ಎಂದು ಊರಿಗೆ ಹೋದವಳು ಫೋನಿನಲ್ಲಿ ಅತ್ತಳು. ಅಜ್ಜಿ ಮಧ್ಯಾಹ್ನ ನಿದ್ದೆ ಹೋದಾಗ ಹುರಿಯಲ್ಲಿ ಅಳತೆ ಹಿಡಿದು ಅವಳೇ ಕಳಿಸಿದಳು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಟ್ಟ ಟೀಚರ್ ನಾನು. ಪ್ರತಿ ಭಾನುವಾರ ಚರ್ಚಿಗೆ ಏನು ಉಡಬೇಕು, ಮಾರ್ಕೆಟ್ಟಿಗೆ ಏನು ಉಡಬೇಕು ಎಂದು ಉಪದೇಶ ಬೇರೆ ಮಾಡಿದವಳು. ಎದೆಯ ಬಳಿ ಟಕ್ಸ್ ಎನ್ನುವ ನಾಲ್ಕು ಮಡಿಕೆ ಕೊಟ್ಟು, ಮೈಗೆ ಅಚ್ಚು ಹೊಯ್ದಂತೆ ಕೂರುವ ಒಂದು ಹಸಿರು ರವಿಕೆ ಹೊಲಿದೆ. ಅದನ್ನು ಅಜ್ಜಿಗೆ ತೊಡಿಸಿ ಕರೆತರುವುದು ನನ್ನ ಹೊಣೆ.

ಬೆಟ್ಟದವರೆಗೆ ಹೆಂಗಸರಿಗೆ ಟಿಕೆಟ್ಟಿಲ್ಲ. ಅಲ್ಲಿ ಇಡ್ಲಿ ತಿಂದು, ತಮಿಳುನಾಡಿನ ಬಸ್ಸು ಹಿಡಿದು ಗಡಿಯ ಪಾಲಾರ್ ದಾಟಿದೆ. ಕಾಡು ಮುಗಿದು ಬಯಲು ತೆರೆದುಕೊಂಡಿತು. ಬಿಸಿಲು ಹಿತ, ಗಾಳಿ ಬೆಚ್ಚಗೆ, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮೆಟ್ಟೂರು ಅಣೆಕಟ್ಟಿನ ನೀರು ತೋರಿಸಿ, "ಅದ್ರೊಳ್ಗೆ ಒಂದು ಹಳೇ ಸರ್ಚು ಐತೆ ಕಣಕ್ಕ. ನೀರು ಇಳುದ್ರೆ ಗೋಪ್ರ ಕಾಣ್ತದೆ. ಈಗ ಫುಲ್ಲು, ಏನೂ ಕಾಣಾಕಿಲ್ಲ" ಎಂದಳು.

ನಾನು ನೀರನ್ನೇ ನೋಡುತ್ತ ತೂಕಡಿಸಿದೆ. ಅರೆನಿದ್ದೆಯಲ್ಲಿ ಆ ಚರ್ಚಿನೊಳಗೆ ಹೋಗಿದ್ದೆ. ಹಸಿರು ಬೆಳಕು. ಹೆಂಗಸರು ಸಾಲಾಗಿ ಕೂತಿದ್ದರು, ಅವರ ಸೆರಗುಗಳು ಮೆಲ್ಲಗೆ ಮೇಲೇಳುತ್ತ ಇಳಿಯುತ್ತ ಇದ್ದವು. ನಾನು ಒಬ್ಬೊಬ್ಬರ ಬಳಿಯೂ ಹೋಗಿ ಟೇಪು ಹಿಡಿದು ಅಳೆಯಲು ನೋಡಿದರೆ ಟೇಪು ನೀರಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಯಾರೂ ನನ್ನತ್ತ ತಿರುಗಿ ನೋಡಲಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ಎಚ್ಚರವಾಯಿತು, ಮೆಟ್ಟೂರು ಬಂದಿತ್ತು. ಅಲ್ಲಿಂದ ಟೌನ್ ಬಸ್ಸಿನಲ್ಲಿ ಮೇಚೇರಿಗೆ ಅರ್ಧ ಗಂಟೆ.

ಅಜ್ಜಿ ಹುಣಸೆಮರದ ಕೆಳಗೆ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಎಂಬತ್ತರ ಹತ್ತಿರದ ಜೀವ, ನೆಟ್ಟಗಿನ ಬೆನ್ನು. ಸೀರೆಯ ಸೆರಗನ್ನು ಬೆನ್ನ ಮೇಲಿಂದ ಎರಡೂ ಭುಜ ಸುತ್ತಿ ತಂದು ಸೊಂಟಕ್ಕೆ ಸಿಗಿಸಿದ್ದಳು. ಬಗ್ಗಿದರೂ ಎದ್ದರೂ ಅದು ಒಂದಿಷ್ಟೂ ಕದಲುತ್ತಿರಲಿಲ್ಲ. ಮನೆಯವರೆಲ್ಲ ವ್ಯಾನಿನಲ್ಲಿ ಆಗಲೇ ಮೊರಪ್ಪೂರಿಗೆ ಹೋಗಿದ್ದರು. ನನಗೆಂದು ಮುದ್ದೆ, ಹುರುಳಿ ಸಾರು ಮಾಡಿಟ್ಟಿದ್ದಳು. ಉಂಡು ಕೈ ತೊಳೆದ ಮೇಲೆ ನಾನು ರವಿಕೆ ತೆಗೆದೆ.

ಅಜ್ಜಿ ಅದನ್ನು ತಿರುವಿ ಮುರುವಿ ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಒಲ್ಗೆ ವಸಿ ಚೆನ್ನಾಗೈತೆ, ಟೀಚರಮ್ಮ. ಆದ್ರೆ ನಾ ಆಕ್ಕಳಾಕಿಲ್ಲ."

"ಯಾಕಜ್ಜಿ?"

"ನಾಚ್ಕೆ ಆಯ್ತದೆ."

ನನಗೆ ನಗು ಬಂತು. ನಾಚಿಕೆ ಆಗಬಾರದೆಂದೇ ತಾನೇ ಇದನ್ನು ತೊಡುವುದು?

"ನೋಡು," ಎಂದು ಅವಳು ರವಿಕೆಯ ಎದೆಭಾಗವನ್ನು ಅಂಗೈ ಮೇಲಿಟ್ಟು ತೋರಿಸಿದಳು. ಟಕ್ಸ್ ಹೊಡೆದ ಕಡೆ ಅದು ಮೈಯಿಲ್ಲದೆಯೂ ಮೈಯಂತೆ ಉಬ್ಬಿ ನಿಂತಿತ್ತು. "ಇದು ಮೈನ ಮುಚ್ಚಾಕೆ ಒಲ್ದಿರಾದಾ, ತೋರ್ಸಾಕೆ ಒಲ್ದಿರಾದಾ? ಈ ಸೆರ್ಗಲ್ಲಿ ನನ್ ಗಂಡಂಗೂ ನನ್ ತೋಳು ಎಷ್ಟು ದಪ್ಪ ಅಂತ ಗೊತ್ತಿರ್ಲಿಲ್ಲ. ಮಾದಪ್ಪನ ಬೆಟ್ಟಕ್ಕೂ ಇಂಗೇ ಓಗಿವ್ನಿ. ಅವ್ನು ಒಂದಿನಾನೂ ಜಾಕೆಟ್ ಕೇಳ್ನಿಲ್ಲ."

ಮೂವತ್ತು ವರ್ಷದಲ್ಲಿ ನನ್ನ ಹೊಲಿಗೆಯ ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲ. ಮುಖ ಬಿಸಿಯಾಯಿತು. ಕೋಪವೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಜ್ಜಿ ರವಿಕೆಯನ್ನು ಮಡಚಿ ಒಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಳು. ಪೆಟ್ಟಿಗೆ ತುಂಬ ರವಿಕೆ ಕಣಗಳು. ಮದುವೆ ಮುಂಜಿಗಳಲ್ಲಿ ಮರ್ಯಾದೆಗೆಂದು ಕೊಟ್ಟವು, ಒಂದನ್ನೂ ಹೊಲಿಸಿರಲಿಲ್ಲ. "ನಾ ಸತ್ತಾಗ ನಂಗೆ ಆಕಿ. ಆಗ ನಾಚ್ಕೆ ಇರಾಕಿಲ್ಲ" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನನ್ನ ನೋಡಿ ಆ ಜನ ಮಗೀನ ಆಡ್ಕಂಡ್ರೆ ಏನ್ ಮಾಡ್ಲವ್ವ? ನಾ ಆಚೇಲೇ ಕುಂತು ಒಳ್ಗೆ ಆಡೋ ಪಾಟ್ ಕೇಳ್ತೀನಿ. ಕಲ್ಯಾಣ ಆದ್ರೆ ಸಾಕು" ಎಂದಳು. ಆಗ ನನ್ನ ಕೋಪ ಎಲ್ಲಿ ಹೋಯಿತೋ.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ತೊಪ್ಪೂರಿನ ಕಣಿವೆಯಲ್ಲಿ ಲಾರಿಗಳು ಸಾಲುಗಟ್ಟಿ ಏದುಸಿರು ಬಿಡುತ್ತ ಹತ್ತುತ್ತಿದ್ದವು. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ಬಿಸಿ ಪೊಂಗಲ್ ತಿಂದೆವು. ಅಲ್ಲಿಂದ ಮೊರಪ್ಪೂರಿಗೆ ಮುಕ್ಕಾಲು ಗಂಟೆ ದಾರಿ. ಇಕ್ಕೆಲದ ಮಾವಿನ ತೋಪುಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ, ಊರುಗಳು ಅದರೊಳಗಿಂದ ಬಂದು ಅದರೊಳಗೇ ಹೋಗುತ್ತಿದ್ದವು. ಅಜ್ಜಿ ಕಿಟಕಿಗೆ ಒರಗಿ ಕೂತಿದ್ದಳು. ಸೆರಗಿನ ತುದಿಯನ್ನು ಮಾತ್ರ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಮನಸ್ಸಿನಲ್ಲಿ ಪ್ರಾರ್ಥನೆ ಮಾಡಿದೆ. ಕರ್ತನೇ, ಬಾಗಿಲಲ್ಲಿ ಈ ಜೀವವನ್ನು ಯಾರೂ ತಡೆಯದಂತೆ ನೋಡಿಕೋ ಎಂದು.

ಡೇವಿಡನ ಕ್ವಾರ್ಟರ್ಸಿನಲ್ಲಿ ಮುಖ ತೊಳೆದು, ನನ್ನ ಕುಚ್ಚಿನ ರವಿಕೆ ತೊಟ್ಟು, ರೇಷ್ಮೆ ಸೀರೆ ಉಟ್ಟು ಹತ್ತೂವರೆಗೆ ಚರ್ಚಿಗೆ ನಡೆದೆವು. ಬಿಳಿ ಸುಣ್ಣ ಹೊಡೆದ ಪುಟ್ಟ ಕಟ್ಟಡ, ಹಿಂದೆ ರೈಲು ಹಳಿ. ಬಾಗಿಲಲ್ಲಿ ಫಲಕದ ಪಕ್ಕ ಬಿಳಿ ಸೀರೆಯ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಅವರ ತೋಳಿನ ಮೇಲೆ ಮಡಚಿದ ಶಾಲುಗಳ ರಾಶಿಯಿತ್ತು. ಉಡುಪು ಸರಿಯಿಲ್ಲದವರಿಗೆ ಹೊದಿಸಲು. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

ಆ ಹೆಂಗಸು ಅಜ್ಜಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಸುತ್ತಿದ ಸೀರೆ. ಕೈಮುಗಿದು, "ವಾಂಗಮ್ಮಾ, ಉಳ್ಳೇ ವಾಂಗ" ಎಂದು ದಾರಿ ಬಿಟ್ಟರು. ನಾನು ಉಸಿರು ಬಿಟ್ಟು ಹಿಂದೆಯೇ ಹೆಜ್ಜೆಯಿಟ್ಟೆ. ನನ್ನ ಬರಿಬೆನ್ನ ಮೇಲೆ ಒಂದು ಬೆರಳು ತಟ್ಟಿತು.

"ಅಕ್ಕಾ, ಕೊಂಜಂ ಪೋತ್ತಿಕ್ಕೋಂಗ." ಸ್ವಲ್ಪ ಹೊದ್ದುಕೊಳ್ಳಿ ಎಂದು ಒಂದು ಶಾಲು ನೀಡಿದರು. ನನಗೆ! ಕೊಳ್ಳೇಗಾಲದ ಹೊಲಿಗೆ ಟೀಚರಿಗೆ!

ಅಜ್ಜಿ ತಿರುಗಿ ಬಂದು ನನ್ನ ಬೆನ್ನಿನ ಕುಚ್ಚನ್ನು ಎತ್ತಿ ನೋಡಿ, "ಅಯ್ಯೋ, ಬಾಕ್ಲೇ ಇಲ್ವಲ್ಲವ್ವ ಇದ್ಕೆ! ಸಾಲೆಲ್ಲಾ ಬ್ಯಾಡ, ಬಾ ಇಲ್ಲಿ" ಎಂದಳು. ಪಿನ್ನು ಕಿತ್ತು, ಸೆರಗು ಬಿಡಿಸಿ, ಬೆನ್ನ ಮೇಲಿಂದ ಎರಡೂ ಭುಜ ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಗಿಸಿದಳು. ಅಷ್ಟರಲ್ಲಿ ಕಾರು ಬಂತು. ಬಿಳಿ ಸೀರೆ, ಬಿಳಿ ಮುಸುಕಿನ ಸುಧಾ ಇಳಿದು, ಬಾಗಿಲ ಒಳಗೆ ನಿಂತ ಅಜ್ಜಿಯನ್ನು ನೋಡಿದಳು. ಅವಳ ಮುಖ ಒಮ್ಮೆಗೇ ಚಿಕ್ಕ ಹುಡುಗಿಯ ಮುಖವಾಯಿತು.

"ಅಜ್ಜೀ, ಕೈ ಕೊಡು. ನೀನೇ ಕರ್ಕೊಂಡೋಗು."

ಹಾಡು ಶುರುವಾಯಿತು. ಅಜ್ಜಿ, ಮೊಮ್ಮಗಳು ಕೈ ಹಿಡಿದು ನಡೆದರು, ನಾನು ಹಿಂದೆ. ಮದುವಣಗಿತ್ತಿಗಾಗಿ ಜನರೆಲ್ಲ ಎದ್ದು ನಿಂತರು. ಅಜ್ಜಿ ಗಾಬರಿಯಾಗಿ, "ಯಾಕವ್ವ ಎಲ್ಲಾ ಎದ್ರು? ಕುಂತ್ಕಳ್ರಪ್ಪ, ಕುಂತ್ಕಳಿ" ಎಂದು ಎರಡೂ ಕಡೆ ಕೈಯಾಡಿಸುತ್ತ ಹೋದಳು. ಪೀಠದ ಬಳಿ ಕಾಯುತ್ತಿದ್ದ ಡೇವಿಡ್ ಕೂಡ ನಗು ತಡೆಯಲಾರದೆ ತಲೆ ತಗ್ಗಿಸಿದ. ನನಗಂತೂ ಕಣ್ಣು ಮಂಜಾಗಿ, ಇಡೀ ಚರ್ಚು ನೀರಿನೊಳಗೆ ತೇಲುತ್ತಿರುವಂತೆ ಕಂಡಿತು.

ಭಾನುವಾರ ಅಜ್ಜಿಯನ್ನು ಮೇಚೇರಿಗೆ ಬಿಟ್ಟು ಹೊರಟೆ. ಅವಳು ಪೆಟ್ಟಿಗೆ ತೆರೆದು, ನನ್ನ ಹಸಿರು ರವಿಕೆಯನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ಒಂದು ನೀಲಿ ಕಣ ಎಳೆದು, ಎಲೆ ಅಡಿಕೆಯೊಂದಿಗೆ ನನ್ನ ಕೈಗಿಟ್ಟಳು.

"ಒಲ್ಕೋ. ಬೆನ್ ಮುಚ್ಚಂಗೆ."

ಪಾಲಾರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನೀರು ಅದೇ ತುಂಬಿದ ನೀರು, ಗೋಪುರದ ಸುಳಿವೂ ಇರಲಿಲ್ಲ. ಅದು ಕಣ್ಮರೆಯಾಗುವವರೆಗೆ ತಿರುಗಿ ನೋಡಿದೆ. ಆಮೇಲೆ ನೀಲಿ ಕಣವನ್ನು ತೊಡೆಯ ಮೇಲೆ ಹರಡಿ ಗೇಣಿನಲ್ಲಿ ಅಳೆದೆ. ಬೆನ್ನು ಮುಚ್ಚಲು ಧಾರಾಳವಾಗಿತ್ತು.