ಅವಳು ‘ಬರ್ತೀನಿ’ ಅನ್ನಲಿಲ್ಲ

ಆ ಭಾನುವಾರ ನನ್ನನ್ನು ನೋಡಲು ಬಂದಿದ್ದ ಹೆಂಡತಿ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ‘ಹೋಗ್ತೀನ್ರಿ’ ಅಂದಳು. ನಮ್ಮ ಕಲಬುರಗಿ ಕಡೆ ಯಾರೂ ಹಾಗನ್ನುವುದಿಲ್ಲ. ಸಂತೆಗೆ ಹೊರಟರೂ ‘ಬರ್ತೀನಿ’ ಅಂತಲೇ ಹೊರಡಬೇಕು. ಬಾಯ್ತಪ್ಪಿದರೆ ಹಿರಿಯರು ತಿರುಗಿ ಕರೆದು ಸರಿಯಾಗಿ ಹೇಳಿಸಿ ಕಳಿಸುತ್ತಾರೆ. ನಾನು ಕರೆಯಲಿಲ್ಲ. ಎಂದಿನಂತೆ ತಲೆಯಾಡಿಸಿ ಒಳಗೆ ಬಂದೆ. ಬಂದ ಮೇಲೆ ಮಾತು ಕಿವಿಗೆ ತಟ್ಟಿ ಕಿಟಕಿಗೆ ಹೋಗಿ ನೋಡಿದೆ, ಅವಳಾಗಲೇ ಇರಲಿಲ್ಲ.

ಅದು ನಾವು ದುಡಿಯಲು ಬಂದಿದ್ದ ತೆಲುಗು ಮಹಾನಗರದ ಉಪ್ಪಲ್ ಕಡೆಯ ಒಂದು ವ್ಯಸನಮುಕ್ತಿ ಕೇಂದ್ರ. ಊರಿನ ಇನ್ನೊಂದು ತುದಿಯ ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥದ್ದೊಂದರ ಒಳಗೆ ಕಂಪ್ಯೂಟರ್ ಮುಂದೆ ಕೂತು ನಾನು ಕುಡುಕನಾಗಿದ್ದೆ. ಅಂಥವುಗಳಿಗೆ ಇಟ್ಟಿಗೆ ಹೊತ್ತು ಪಕ್ಕದ ಮಂಚದ ಯಾದಗಿರಿಯವನು ಕುಡುಕನಾಗಿದ್ದ. ಅವನದು ಕಲಬೆರಕೆ ಸೇಂದಿ, ನನ್ನದು ವಿಸ್ಕಿ. ಕೈ ನಡುಗುವುದರಲ್ಲಿ ಇಬ್ಬರೂ ಸಮ.

ಮನೆಯವರನ್ನು ಕಳಿಸಿಕೊಡುವುದರಲ್ಲಿ ಮಾತ್ರ ಸಮವಲ್ಲ. ಅವನು ಹೆಂಡತಿಯ ಸೆರಗು ಹಿಡಿದು ‘ಬರ್ತಿ ಹೌದಿಲ್ಲ? ಆಣಿ ಮಾಡು’ ಅಂತ ಎಲ್ಲರೆದುರು ಅಳುತ್ತಿದ್ದ. ನನಗೆ ಮುಜುಗರವಾಗುತ್ತಿತ್ತು. ಅಲ್ಲಿಯ ಆಪ್ತಸಲಹೆಗಾರ್ತಿ, ತೆಲುಗಿನ ಹೆಂಗಸು, ಒಮ್ಮೆ ಹಿಂದಿಯಲ್ಲಿ ಹೇಳಿದ್ದರು: ಬಿಟ್ಟುಹೋಗುತ್ತಾರೆಂಬ ಭಯ ನಿಮ್ಮಿಬ್ಬರಿಗೂ ಒಂದೇ, ಅವನು ಜೋತುಬೀಳುತ್ತಾನೆ, ನೀವು ಮೊದಲೇ ಬೆನ್ನು ತಿರುಗಿಸುತ್ತೀರಿ. ಬಾಟಲಿ ಕೈ ಚಾಚಿದಾಗೆಲ್ಲ ಸಿಗುತ್ತದಲ್ಲ, ಅದಕ್ಕೇ ಮನುಷ್ಯರಿಗಿಂತ ಅದನ್ನು ನಂಬಿದಿರಿ. ಸಂಬಳಕ್ಕೆ ಹೇಳುವ ಮಾತು ಅಂದುಕೊಂಡಿದ್ದೆ.

ಆ ವಾರ ಆಕೆಯ ಮಾತು ಬೆನ್ನು ಹತ್ತಿತು. ಹೆಂಡತಿ ಬಾಯ್ತಪ್ಪಿ ಅಂದಳೋ, ಅಳೆದು ತೂಗಿ ಅಂದಳೋ? ಗೇಟಿನ ಚಿಲಕ ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದೆ. ಅನ್ನ ಸೇರಲಿಲ್ಲ. ಕುಡಿಯಬೇಕು ಅನ್ನಿಸಿತು, ಬಂದ ಹೊಸತರಲ್ಲಿ ಅನ್ನಿಸಿದ್ದಕ್ಕಿಂತ ಜೋರಾಗಿ. ಕೊನೆಗೆ ಪಕ್ಕದವನಿಗೆ ಹೇಳಿಕೊಂಡೆ. ಮಲಗಿದ್ದವನು ಎದ್ದೇ ಕೂತ.

‘ಅಲ್ಲೇ ತಡೀಬೇಕಿತ್ರಿ ಸಾಹೇಬ್ರ!’ ಅಂದ. ಸಮಾಧಾನ ಹೇಳುತ್ತಾನೆಂದುಕೊಂಡರೆ ಇವನೊಬ್ಬ.

ಮುಂದಿನ ಭಾನುವಾರ ಎಲ್ಲರ ಮನೆಯವರೂ ಬಂದು ಕೂತ ಮೇಲೆ ಅವಳು ಬಂದಳು. ಬಸ್ಸು ಸಿಗಲಿಲ್ಲವಂತೆ. ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟಳು. ನಾನು ಕೇಳಿಯೇಬಿಟ್ಟೆ: ‘ಹ್ವಾದ ವಾರ ಹೋಗ್ತೀನಿ ಅಂದ್ಯಲ್ಲ, ಯಾಕ?’

ಅವಳು ರೊಟ್ಟಿ ಮುರಿಯುತ್ತಲೇ ಇದ್ದಳು. ‘ಲಗ್ನ ಆದಾಗಿಂದ ನೀವು ನನಗ ಹೋಗು ಅಂತೀರಿ. ಹೋಗಿ ಬಾ ಅಂತ ಒಮ್ಮಿನೂ ಅಂದಿಲ್ಲ. ಬರ್ತೀನಿ ಅಂತ ಯಾರಿಗೆ ಹೇಳ್ಲಿ?’

ಹೊರಡುವಾಗ ಗೇಟಿನವರೆಗೂ ಹೋದೆ. ‘ಹೋಗಿ ಬಾ’ ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ‘ಬರ್ತೀನ್ರಿ’ ಅಂದು ನಡೆದಳು.

ಭಯ ಹೋಗಲಿಲ್ಲ, ಹೆಚ್ಚಾಯಿತು. ಕರೆಯದೆ ಇದ್ದಷ್ಟು ದಿನ, ಬಾರದಿದ್ದರೆ ಬೇಡ ಅಂತ ಅಂದುಕೊಳ್ಳಬಹುದಿತ್ತು. ಈಗ ಕರೆದಿದ್ದೆ. ಅವಳು ತಿರುವಿನಲ್ಲಿ ಮರೆಯಾಗುವ ತನಕ ಗೇಟಿನ ಕಂಬಿ ಹಿಡಿದು ನಿಂತೆ. ಪಕ್ಕದ ಮಂಚದವನ ಕೈಯೂ ಅದೇ ಕಂಬಿಯ ಮೇಲಿತ್ತು.